ಮಾರ್ಷಲ್ ಆರ್ಟ್ಸ್‌ಗೆ ಹೊಸದಾಗಿ ಬಂದವರು ಮಾಡೋ ತಪ್ಪುಗಳು: ಯಾವುದನ್ನ ಮೊದಲು ತಿದ್ದಬೇಕು?

ಸಂಜೆಬ್ಯಾಚ್:
ಎಲ್ಲರಿಗೂ ನಮಸ್ಕಾರ. ನಾನು ಕಲಿಯೋ ಕ್ಲಾಸಲ್ಲಿ ಹೊಸಬರ ಬ್ಯಾಚ್‌ಗೆ ಸಹಾಯ ಮಾಡು ಅಂತ ಮಾಸ್ಟರ್ ಹೇಳಿದಾರೆ. ಕಿಕ್‌ಬಾಕ್ಸಿಂಗ್ ಮುಖ್ಯ, ವಾರದಲ್ಲಿ ಒಂದು ದಿನ ಗ್ರಾಪ್ಲಿಂಗ್, ಅಂದ್ರೆ ಹಿಡಿದು ಪಟ್ಟು ಹಾಕೋ ಕುಸ್ತಿ. ಅವರು ಹಾಕಿರೋದು ಒಂದೇ ಷರತ್ತು, ಒಬ್ಬರಿಗೆ ಒಂದು ಕ್ಲಾಸಲ್ಲಿ ಒಂದೋ ಎರಡೋ ತಪ್ಪು ಮಾತ್ರ ತಿದ್ದು, ಅದಕ್ಕಿಂತ ಜಾಸ್ತಿ ಹೇಳಿದ್ರೆ ತಲೇಲಿ ಏನೂ ನಿಲ್ಲಲ್ಲ ಅಂತ. ಮಾತು ಸರಿನೇ, ಆದ್ರೆ ನಿಂತು ನೋಡಿದ್ರೆ ಒಬ್ಬೊಬ್ಬರಲ್ಲೂ ಹತ್ತು ಕಾಣುತ್ತೆ. ಗಲ್ಲ ಮೇಲೆತ್ತೋದು, ಕೈ ಕೆಳಗೆ ಬಿಡೋದು, ಹೊಡೆತ ಬರುವಾಗ ಕಣ್ಣು ಮುಚ್ಚೋದು, ಸರಿಯುವಾಗ ಕಾಲಿಗೆ ಕಾಲು ಅಡ್ಡ ಹಾಕೋದು, ಗುದ್ದೋಕೆ ಮುಂಚೆ ಕೈಯನ್ನ ಹಿಂದಕ್ಕೆ ಎಳ್ಕೊಳ್ಳೋದು. ಇದರಲ್ಲಿ ತಾನಾಗೇ ಹೋಗೋದು ಯಾವುದು, ಬಿಟ್ರೆ ಗಟ್ಟಿಯಾಗಿ ಕೂತ್ಬಿಡೋದು ಯಾವುದು, ಗಾಯ ಮಾಡೋದು ಯಾವುದು? ಕರಾಟೆ, ಜೂಡೋ, ಟೇಕ್ವಾಂಡೋ, ಬಾಕ್ಸಿಂಗ್, ಜಿಯು ಜಿಟ್ಸು, ಯಾವುದಾದ್ರೂ ಸರಿ, ನೀವು ನೋಡಿದ್ದನ್ನ ಹೇಳಿ.

ಒದೆಪ್ರಿಯ:
ಕೈ ಕೆಳಗೆ ಬಿಡೋದು. ಅದೊಂದು ತಿದ್ದಿ ಗುರು, ಮಿಕ್ಕಿದ್ದು ಆಮೇಲೆ.

ಎಡಗೈ_ಬಾಕ್ಸರ್:
@ಒದೆಪ್ರಿಯ ಬ್ರೋ, ಕೈ ಯಾಕೆ ಕೆಳಗೆ ಬರುತ್ತೆ ಅಂತ ಮೊದಲು ನೋಡಿ. ಹೊಸಬರು ಭುಜ ಕಿವಿ ತನಕ ಎತ್ಕೊಂಡು, ಮುಷ್ಟಿ ಶುರುವಿಂದ ಕೊನೆ ತನಕ ಬಿಗಿದು, ಉಸಿರು ಕಟ್ಕೊಂಡು ನಿಂತಿರ್ತಾರೆ. ಒಂದು ನಿಮಿಷ ಆಗೋಷ್ಟರಲ್ಲಿ ಭುಜ ಉರಿಯೋಕೆ ಶುರು, ಆಮೇಲೆ ಕೈ ಇಳಿಯದೆ ಇನ್ನೇನು ಮಾಡುತ್ತೆ? ಪಕ್ಕದಲ್ಲಿ ನಿಂತು ಕೈ ಮೇಲೆ ಕೈ ಮೇಲೆ ಅಂತ ಕೂಗಿದ್ರೆ ಇನ್ನಷ್ಟು ಬಿಗಿ ಮಾಡ್ಕೊತಾರೆ ಅಷ್ಟೇ.

ಗುದ್ದುವಾಗ ಮೊಣಕೈ ಚಾಚೋ ಸ್ನಾಯು ಕೆಲಸ ಮಾಡ್ಬೇಕು, ಮಡಚೋ ಸ್ನಾಯು ಸಡಿಲ ಇರ್ಬೇಕು. ಎರಡೂ ಒಟ್ಟಿಗೆ ಬಿಗಿದ್ರೆ ಒಂದನ್ನೊಂದು ಎಳೀತವೆ, ಗುದ್ದು ನಿಧಾನ ಆಗುತ್ತೆ, ಸುಸ್ತು ಮಾತ್ರ ಎರಡರಷ್ಟು. ಮುಷ್ಟಿ ಗಟ್ಟಿ ಆಗ್ಬೇಕಾಗಿರೋದು ತಾಗೋ ಕ್ಷಣದಲ್ಲಿ ಮಾತ್ರ. ಅದಕ್ಕೆ ನನ್ನ ಪ್ರಕಾರ ಮೊದಲನೇ ತಿದ್ದುಪಡಿ ಉಸಿರು. ಪ್ರತಿ ಗುದ್ದಿಗೂ ಹಲ್ಲಿನ ಸಂದಿಯಿಂದ ಸಣ್ಣದಾಗಿ "ಸ್ಸ್" ಅಂತ ಉಸಿರು ಬಿಡಿಸಿ. ಉಸಿರು ಬಿಡೋನಿಗೆ ಭುಜ ಬಿಗಿಯಾಗಿ ಇಟ್ಕೊಳ್ಳೋದು ಕಷ್ಟ. ಕರಾಟೆಯವರು ಕಿಯಾಯ್ ಅಂತ ಕೂಗೋದೂ ಇದೇ ಕೆಲಸ ಮಾಡುತ್ತೆ, ಉಸಿರು ಹೊರಗೆ ಹೋಗುತ್ತೆ, ಹೊಟ್ಟೆ ಗಟ್ಟಿ ಆಗುತ್ತೆ, ಆ ಹೊತ್ತಲ್ಲಿ ಹೊಟ್ಟೆಗೆ ಏಟು ಬಿದ್ರೂ ತಡ್ಕೊಳ್ಳುತ್ತೆ.

ನಿಧಾನಿ:
ಉಸಿರಿನ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಆದ್ರೆ ಅದು ಹೇಳಿದ್ರೆ ಬರಲ್ಲ, ವೇಗ ಇಳಿಸಿದ್ರೆ ಬರುತ್ತೆ. ಹೊಸಬರಿಗೆ ಅರ್ಧ ವೇಗದಲ್ಲಿ ಮಾಡಿ ಅಂದ್ರೆ ಅವಮಾನ ಆದ ಹಾಗೆ ನೋಡ್ತಾರೆ, ಎರಡು ಸಲ ನಿಧಾನ ಮಾಡಿ ಮೂರನೇದಕ್ಕೆ ಪೂರ್ತಿ ಜೋರು. ಅಲ್ಲೇ ಎಲ್ಲಾ ಕೆಡೋದು. ನನ್ನ ಲೆಕ್ಕದಲ್ಲಿ ಎಲ್ಲಾ ತಪ್ಪಿನ ತಾಯಿ ಆತುರ.

ಹಳೇ_ಜೂಡೋಕ:
ನೋಡ್ರಿ, ನೀವೆಲ್ಲ ಗುದ್ದೂದು ಒದಿಯೂದು ಮಾತಾಡಕತ್ತೀರಿ, ಬೀಳೂದು ಯಾರೂ ಹೇಳಲಿಲ್ಲ. ನನ್ನ ಕೇಳಿದ್ರ ಮೊದಲ ತಿದ್ದೂದು ಅದನ್ನ.

ಯಾರನ್ನರ ಸುಮ್ನ ದೂಡ್ರಿ, ಅವರು ಕೈ ನೆಟ್ಟಗ ಚಾಚಿ ನೆಲಕ್ಕ ಊರ್ತಾರ. ಇದು ಕಲಿಸಿದ್ದಲ್ಲ, ಹುಟ್ಟಿನಿಂದ ಬಂದದ್ದು. ಮೈಭಾರ ಪೂರ್ತಿ ಆ ಒಂದು ಅಂಗೈ ಮ್ಯಾಲೆ ಬೀಳ್ತದ, ಅಲ್ಲಿಂದ ಮಣಿಕಟ್ಟು ಮುರೀತದ, ಇಲ್ಲಾ ಮೊಣಕೈ ಕೀಲು ತಪ್ತದ, ಇಲ್ಲಾ ಭುಜದ ಮುಂದಿನ ಕೊರಳೆಲುಬು ಹೋಗ್ತದ. ಜೂಡೋ ಹುಟ್ಟಿಸಿದ ಕನೊ ಜಿಗೊರೊ ಅವರು 1882ರಾಗ ಕೊಡೊಕಾನ್ ಅನ್ನೂ ಶಾಲಿ ಶುರು ಮಾಡಿದ್ರು, ಅಲ್ಲಿಂದ ಇವತ್ತಿನ ತನಕ ಜೂಡೋ ಕಲಿಯವರು ಮೊದಲ ಕಲಿಯೂದು ಉಕೆಮಿ, ಅಂದ್ರ ಬೀಳೂ ಅಭ್ಯಾಸ. ಗದ್ದ ಎದಿಗೆ ಒತ್ತಿ ಕಣ್ಣು ಬೆಲ್ಟ್ ಕಡೆ ಇಡ್ರಿ, ಹಂಗಾದ್ರ ತಲಿ ಹಿಂದಕ್ಕ ಬಡಿಯಂಗಿಲ್ಲ. ಬೆನ್ನು ಗುಂಡಗ ಮಾಡ್ರಿ. ತೋಳು ಮೈಯಿಂದ ಸುಮಾರು 45 ಡಿಗ್ರಿ ದೂರ ಇಟ್ಟು ಪೂರ್ತಿ ತೋಳಿನಿಂದ ನೆಲ ಬಡೀರಿ, ಬರೇ ಅಂಗೈಯಿಂದ ಅಲ್ಲ. ಬೀಳೂ ಹೊತ್ತಿನಾಗ ಉಸಿರು ಬಿಡ್ರಿ. ಮೊದಲ ಮಲಕೊಂಡು, ಆಮ್ಯಾಲೆ ಕುಂತು, ಆಮ್ಯಾಲೆ ಕುಕ್ಕರಗಾಲಿನಾಗ, ಕಡೀಕ ನಿಂತು. ಈ ಮೆಟ್ಲು ಹಾರಿಸಬ್ಯಾಡ್ರಿ.

ಇನ್ನೊಂದು ಮಾತು. ಬೀಳಾಕ ಅಂಜಾವ ಎಲ್ಲಾ ಹೊತ್ತು ಸೆಟೆದುಕೊಂಡ ಇರ್ತಾನ. ಬೀಳೂ ಅಂಜಿಕಿ ಹೋತಂದ್ರ ಮೈ ತಾನ ಸಡಲ ಆಗ್ತದ. ಮ್ಯಾಲೆ ಬಾಕ್ಸರ್ ಅವರು ಹೇಳಿದ ಬಿಗಿ ಇದರಿಂದನ ಅರ್ಧ ಹೋಗ್ತದ.

ಒದೆಪ್ರಿಯ:
ಸರ್, ಜೂಡೋಗೆ ಸರಿ. ಕಿಕ್‌ಬಾಕ್ಸಿಂಗಲ್ಲಿ ಎಸೆಯೋರು ಯಾರು? ಅದಕ್ಕೆ ವಾರಗಟ್ಟಲೆ ಸಮಯ ಹಾಕಿದ್ರೆ ಗುದ್ದು ಕಲಿಯೋಕೆ ಬಂದವರು ಓಡಿ ಹೋಗ್ತಾರೆ.

ಹಳೇ_ಜೂಡೋಕ:
ಒದಿಯೂ ಕಾಲು ಯಾರರ ಹಿಡಕೊಂಡ್ರ ಎಲ್ಲಿ ಬೀಳ್ತೀ ತಮ್ಮಾ? ಬೆವರು ಬಿದ್ದ ನೆಲದ ಮ್ಯಾಲೆ ಊರಿದ ಕಾಲು ಜಾರಿದ್ರ? ವಾರಗಟ್ಟಲೆ ಬ್ಯಾಡ, ಪ್ರತಿ ಕ್ಲಾಸಿನ ವಾರ್ಮ್ ಅಪ್‌ನಾಗ ಐದು ನಿಮಿಷ ಇಡು, ಸಾಕು.

ಸಂಜೆಬ್ಯಾಚ್:
ಐದು ನಿಮಿಷದ ಮಾತು ನನಗೆ ತುಂಬಾ ಹಿಡಿಸ್ತು ಸರ್. ವಾರ್ಮ್ ಅಪ್ ಒಳಗೇ ಸೇರಿಸಿದ್ರೆ ಯಾರೂ ಬೇಜಾರು ಮಾಡ್ಕೊಳ್ಳಲ್ಲ.

ಫಿಸಿಯೋಅಕ್ಕ:
ನಾನು ಫಿಸಿಯೋ, ಜೊತೆಗೆ ಮುಯ್ ಥಾಯ್ ಕಲಿತವಳು, ಹಾಗಾಗಿ ಗಾಯದ ಕಡೆಯಿಂದ ಹೇಳ್ತೀನಿ. ನೋಡೋಕೆ ಕೆಟ್ಟದಾಗಿರೋ ತಪ್ಪು ಬೇರೆ, ಗಾಯ ಮಾಡೋ ತಪ್ಪು ಬೇರೆ. ಗಲ್ಲ ಮೇಲೆತ್ತೋದು ಪ್ಯಾಡ್ ಹೊಡೆಯೋ ದಿನದಲ್ಲಿ ಯಾರಿಗೂ ಏನೂ ಮಾಡಲ್ಲ, ಸ್ಪಾರಿಂಗ್ (ಇಬ್ಬರು ಎದುರುಬದುರು ನಿಂತು ಮಾಡೋ ಅಭ್ಯಾಸದ ಫೈಟ್) ಶುರು ಆಗೋಷ್ಟರಲ್ಲಿ ತಿದ್ದಿದ್ರೆ ಸಾಕು. ಆದ್ರೆ ಈ ಕೆಳಗಿನವು ಮೊದಲ ದಿನದಿಂದಲೇ ಕೀಲು ತಿನ್ನೋಕೆ ಶುರು ಮಾಡ್ತವೆ.

ಮುಷ್ಟಿ ಒಳಗೆ ಹೆಬ್ಬೆರಳು ಮಡಚೋದು. ಇದನ್ನ ನೋಡಿದ ತಕ್ಷಣ ನಿಲ್ಲಿಸಿ, ಒಂದು ಗಟ್ಟಿ ಗುದ್ದು ಸಾಕು ಹೆಬ್ಬೆರಳು ಹೋಗೋಕೆ. ಹೆಬ್ಬೆರಳು ಹೊರಗಡೆ, ತೋರುಬೆರಳು ಮತ್ತು ನಡುಬೆರಳಿನ ಮಡಿಕೆ ಮೇಲೆ ಬರ್ಬೇಕು. ತಾಗಬೇಕಾಗಿರೋದೂ ಅದೇ ಎರಡು ಬೆರಳಿನ ಗೆಣ್ಣು, ಯಾಕಂದ್ರೆ ಅವು ಮಣಿಕಟ್ಟಿಗೆ ನೇರ ಸಾಲಲ್ಲಿ ಇವೆ. ಬೀಸಿ ಹೊಡೆಯೋರಿಗೆ ಕಿರುಬೆರಳಿನ ಗೆಣ್ಣು ತಾಗುತ್ತೆ, ಅದರ ಹಿಂದಿನ ಅಂಗೈ ಮೂಳೆಯ ಕತ್ತು ಮುರಿಯುತ್ತೆ. ಇದು ಎಷ್ಟು ಸಾಮಾನ್ಯ ಅಂದ್ರೆ ಡಾಕ್ಟರ್‌ಗಳು ಇದಕ್ಕೆ ಬಾಕ್ಸರ್ಸ್ ಫ್ರ್ಯಾಕ್ಚರ್ ಅಂತಲೇ ಹೆಸರಿಟ್ಟಿದ್ದಾರೆ, ಆದ್ರೆ ಪಳಗಿದ ಬಾಕ್ಸರ್‌ಗಳಿಗಿಂತ ಗೋಡೆಗೋ ತಲೆಗೋ ಬೀಸಿ ಗುದ್ದಿದವರಲ್ಲೇ ಜಾಸ್ತಿ ನೋಡೋದು.

ಎರಡನೇದು ರೌಂಡ್ ಕಿಕ್ ಹೊಡೆಯುವಾಗ ನೆಲದ ಮೇಲಿನ ಕಾಲನ್ನ ತಿರುಗಿಸದೆ ಇರೋದು. ಸೊಂಟ ತಿರುಗುತ್ತೆ, ಪಾದ ನೆಲಕ್ಕೆ ಅಂಟಿರುತ್ತೆ, ಆ ತಿರುಚೋ ಒತ್ತಡ ಎಲ್ಲಾ ನಡುವೆ ಇರೋ ಮೊಣಕಾಲಿಗೆ. ಹಿಮ್ಮಡಿ ಸ್ವಲ್ಪ ಎತ್ತಿ, ಮುಂಗಾಲಿನ ಮೇಲೆ ತಿರುಗಿ, ಹಿಮ್ಮಡಿ ಎದುರಾಳಿ ಕಡೆ ನೋಡೋ ಹಾಗೆ ಮಾಡಿಸಿ. ಹೊಸಬರು ಒದೆಯೋ ಕಾಲನ್ನೇ ನೋಡ್ತಾ ಇರ್ತಾರೆ, ನೀವು ಊರಿದ ಕಾಲನ್ನ ನೋಡಿ. ಅಂಟೋ ಹಾಗಿರೋ ಮ್ಯಾಟ್ ಆದ್ರೆ ಇನ್ನೂ ಹುಷಾರು.

ಮೂರನೇದು ಗಾಳಿಗೆ ಗುದ್ದುವಾಗ ಒದೆಯುವಾಗ ಕೀಲನ್ನ ಪೂರ್ತಿ ಝಾಡಿಸೋದು. ಬ್ಯಾಗಿಗೆ ಹೊಡೆದ್ರೆ ಬ್ಯಾಗ್ ನಿಲ್ಲಿಸುತ್ತೆ, ಗಾಳೀಲಿ ನಿಲ್ಲಿಸೋದು ನಿಮ್ಮ ಮೊಣಕೈ ಮೊಣಕಾಲೇ. ಕೊನೇಲಿ ಸ್ವಲ್ಪ ಮಡಿಕೆ ಉಳಿಸಿಕೊಳ್ಳೋಕೆ ಹೇಳಿ.

ಎಡಗೈ_ಬಾಕ್ಸರ್:
ಹ್ಯಾಂಡ್ ರ‍್ಯಾಪ್ ಬಗ್ಗೆನೂ ಹೇಳಿ ಮೇಡಂ, ಗ್ಲೌಸ್ ಒಳಗೆ ಕೈಗೆ ಸುತ್ತೋ ಬಟ್ಟೆ ಪಟ್ಟಿ. ಗ್ಲೌಸ್ ಇದೆಯಲ್ಲ ಅಂತ ರ‍್ಯಾಪ್ ಕಟ್ಟದೆ ಬ್ಯಾಗ್ ಹೊಡೆಯೋರು ಎಷ್ಟು ಜನ. ಗ್ಲೌಸ್ ಎದುರಿಗಿರೋರ ಮುಖ ಕಾಯುತ್ತೆ, ನಿಮ್ಮ ಮಣಿಕಟ್ಟು ಕಾಯೋದು ರ‍್ಯಾಪ್. ದೊಡ್ಡವರಿಗೆ 180 ಇಂಚಿನದು ತಗೊಳ್ಳಿ, ಚಿಕ್ಕದು ತಗೊಂಡ್ರೆ ಮಣಿಕಟ್ಟಿಗೆ ಸುತ್ತೋಷ್ಟರಲ್ಲಿ ಗೆಣ್ಣಿಗೆ ಉಳಿಯಲ್ಲ.

ಫಿಸಿಯೋಅಕ್ಕ:
ಹೌದು. ಕಟ್ಟುವಾಗ ಬೆರಳು ಅಗಲಿಸಿ ಇಟ್ಕೋಬೇಕು, ಇಲ್ಲಾಂದ್ರೆ ಮುಷ್ಟಿ ಮಾಡಿದಾಗ ರಕ್ತ ಕಟ್ಟಿದ ಹಾಗೆ ಬಿಗಿಯುತ್ತೆ. ಬೆರಳ ತುದಿ ಜುಮ್ ಅಂದ್ರೆ ಬಿಚ್ಚಿ ಮತ್ತೆ ಕಟ್ಟಿ.

ಒದೆಪ್ರಿಯ:
ಅಕ್ಕಾ ಒಂದು ಪ್ರಶ್ನೆ. ಶಿನ್ ಮೂಳೆ (ಮೊಣಕಾಲ ಕೆಳಗಿನ ಮುಂಭಾಗದ್ದು) ಗಟ್ಟಿ ಮಾಡೋಕೆ ಬಾಟಲಿ ಉರುಳಿಸೋದು, ಕೋಲಲ್ಲಿ ತಟ್ಟೋದು ಅಂತ ವಿಡಿಯೋಗಳಲ್ಲಿ ತೋರಿಸ್ತಾರೆ. ನಮ್ಮ ಜೊತೆ ಕಲಿಯೋ ಹುಡುಗ ಒಬ್ಬ ಶುರು ಮಾಡಿದಾನೆ. ಫೈಟರ್‌ಗಳು ಮಾಡೋದನ್ನೇ ತಾನೇ ಮಾಡ್ತಿರೋದು?

ಫಿಸಿಯೋಅಕ್ಕ:
ಇವತ್ತೇ ನಿಲ್ಲಿಸೋಕೆ ಹೇಳಿ. ಮೂಳೆ ಮೇಲೆ ಪದೇ ಪದೇ ಭಾರ ಬಿದ್ರೆ ಅದು ಆ ಭಾರಕ್ಕೆ ತಕ್ಕ ಹಾಗೆ ಗಟ್ಟಿಯಾಗುತ್ತೆ, ಇದನ್ನ 19ನೇ ಶತಮಾನದಲ್ಲೇ ಜರ್ಮನಿಯ ಯೂಲಿಯಸ್ ವೋಲ್ಫ್ ಹೇಳಿದ್ದು. ಆದ್ರೆ ಅದಕ್ಕೆ ಬೇಕಾಗಿರೋದು ತಿಂಗಳುಗಟ್ಟಲೆ ವರ್ಷಗಟ್ಟಲೆ ಹೆವಿ ಬ್ಯಾಗ್ ಒದೆಯೋದು, ಪ್ಯಾಡ್ ಒದೆಯೋದು, ನಡುವೆ ಬಿಡುವು. ಬಾಟಲಿ ಉರುಳಿಸಿದ್ರೆ ಮೂಳೆ ಮೇಲಿನ ಪೊರೆಗೆ ಊತ ಬರುತ್ತೆ, ಚರ್ಮಕ್ಕೆ ಗಾಯ ಆಗುತ್ತೆ, ಗಟ್ಟಿ ಏನೂ ಆಗಲ್ಲ. ನೋವು ಗೊತ್ತಾಗೋದು ಕಮ್ಮಿ ಆಯ್ತು ಅಂದ್ರೆ ಮೂಳೆ ಗಟ್ಟಿ ಆಯ್ತು ಅಂತ ಅಲ್ಲ. ಇನ್ನೂ ಒಂದು, ಸ್ನಾಯು ಬೇಗ ಬಲ ಪಡೆಯುತ್ತೆ, ಸ್ನಾಯುರಜ್ಜು ಮೂಳೆ ಎಲ್ಲಾ ನಿಧಾನ. ಅದಕ್ಕೇ ಎರಡು ತಿಂಗಳು ಚೆನ್ನಾಗಿ ನಡೀತು ಅಂತ ದಿನಾ ಕ್ಲಾಸಿಗೆ ಬರೋಕೆ ಶುರು ಮಾಡಿದವರೇ ಮೂರನೇ ತಿಂಗಳಲ್ಲಿ ಮೊಣಕಾಲು ನೋವು ಅಂತ ನಮ್ಮ ಹತ್ರ ಬರೋದು.

ಕತಾಪ್ರೇಮಿ:
ಇಲ್ಲಿ ಯಾರೂ ಹೇಳದೇ ಇರೋ ತಪ್ಪು ಒಂದಿದೆ, ಬೇಸಿಕ್ ಅಂದ್ರೆ ಕೀಳು ಅಂದ್ಕೊಳ್ಳೋದು. ಕರಾಟೆಗೆ ಬಂದವರು ಮೊದಲ ವಾರದಲ್ಲೇ ಕೇಳ್ತಾರೆ, ಫೈಟ್ ಯಾವಾಗ? ನಿಲ್ಲೋದು ಸರಿ ಇಲ್ಲ, ಸೊಂಟ ತಿರುಗಲ್ಲ, ಆಗಲೇ ತಿರುಗಿ ಹಾರಿ ಒದೆಯೋ ವಿಡಿಯೋ ನೋಡಿ ಅದೇ ಬೇಕು ಅಂತಾರೆ. ಕತಾ, ಅಂದ್ರೆ ಗೊತ್ತುಮಾಡಿದ ಕ್ರಮದಲ್ಲಿ ಮಾಡೋ ಚಲನೆಗಳ ಸಾಲು, ಅದನ್ನ ಡ್ಯಾನ್ಸ್ ಅಂತಾರೆ. ಆ ಡ್ಯಾನ್ಸ್ ಅನ್ನೋದ್ರಲ್ಲೇ ತಿರುಗುವಾಗ ತೂಕ ಎಲ್ಲಿಡಬೇಕು, ಉಸಿರು ಯಾವಾಗ ಬಿಡಬೇಕು, ನೋಟ ಎಲ್ಲಿರ್ಬೇಕು ಎಲ್ಲಾ ಇದೆ.

ಮ್ಯಾಟ್‌ಮೇಲೆ:
ಕತಾಪ್ರೇಮಿ ಅವರೇ, ಗೌರವದಿಂದಲೇ ಹೇಳ್ತೀನಿ, ಉಲ್ಟಾ ತಪ್ಪೂ ಅಷ್ಟೇ ದೊಡ್ಡದು. ವರ್ಷಗಟ್ಟಲೆ ಗಾಳೀಲೇ ಮಾಡಿ, ಎದುರಿಗೆ ಒಪ್ಪದೇ ಇರೋ ಮನುಷ್ಯ ಬಂದಾಗ ಕೈಕಾಲು ಆಡದೆ ನಿಂತವರನ್ನ ನೋಡಿದೀನಿ. ತಪ್ಪಿಸ್ಕೊಳ್ಳೋ, ತಳ್ಳೋ, ಎಳೆಯೋ ಎದುರಾಳಿ ಜೊತೆ ಮಾಡಿದಾಗ್ಲೇ ದೂರ ಎಷ್ಟು, ಸಮಯ ಯಾವುದು ಅಂತ ಮೈಗೆ ಗೊತ್ತಾಗೋದು. ಕನೊ ಅವರ ಜೂಡೋದಲ್ಲಿ ಕತಾನೂ ಇತ್ತು, ರಾಂದೋರಿ ಅನ್ನೋ ಮುಕ್ತ ಅಭ್ಯಾಸದ ಸೆಣಸಾಟನೂ ಇತ್ತು, ಎರಡೂ ಇಟ್ಟಿದ್ದು ಸುಮ್ನೆ ಅಲ್ಲ.

ಕತಾಪ್ರೇಮಿ:
ಗಾಳೀಲೇ ಇರಿ ಅಂತ ನಾನೆಲ್ಲಿ ಹೇಳಿದೆ? ಕ್ರಮ ತಪ್ಪಿಸಬೇಡಿ ಅಂದಿದ್ದು. ನಿಲ್ಲೋಕೆ ಬರದವನನ್ನ ಸ್ಪಾರಿಂಗ್‌ಗೆ ಬಿಟ್ರೆ ಅವನು ಕಲಿಯೋದು ಗಾಬರಿ ಮಾತ್ರ.

ನಿಧಾನಿ:
ಇಬ್ರೂ ಒಂದೇ ಮಾತು ಹೇಳ್ತಾ ಜಗಳ ಆಡ್ತಿದೀರ. ಒಬ್ಬ ಜ್ಯಾಬ್ (ಮುಂದಿನ ಕೈಯ ನೇರ ಗುದ್ದು) ಮಾತ್ರ, ಇನ್ನೊಬ್ಬ ತಪ್ಪಿಸ್ಕೊಳ್ಳೋದು ಮಾತ್ರ, ಅಂಥ ಸಣ್ಣ ಆಟ ಆಡಿಸಬಹುದಲ್ಲ? ಅದು ಕತಾನೂ ಅಲ್ಲ, ಪೂರ್ತಿ ಸ್ಪಾರಿಂಗೂ ಅಲ್ಲ, ಆದ್ರೆ ಎದುರಿಗೆ ಜೀವಂತ ಮನುಷ್ಯ ಇರ್ತಾನೆ. ಹೊಡೆತ ಬರುವಾಗ ಕಣ್ಣು ಮುಚ್ಚೋ ಚಟ ಹೋಗೋದೂ ಇದರಿಂದಲೇ, ಬೈದ್ರೆ ಹೋಗಲ್ಲ. ಮೆತ್ತಗೆ ಬರೋ ಗ್ಲೌಸ್‌ನ ನೂರು ಸಲ ನೋಡಿದ ಮೇಲೆ ಕಣ್ಣು ತಾನಾಗೇ ತೆರೆದಿರುತ್ತೆ.

ಮ್ಯಾಟ್‌ಮೇಲೆ:
ಅದು ಒಳ್ಳೇ ದಾರಿ, ಒಪ್ಪಿದೆ.

ಗ್ರಾಪ್ಲಿಂಗ್ ದಿನಕ್ಕೆ ನನ್ನ ಮಾತು ಹೇಳ್ಬಿಡ್ತೀನಿ. ಅಲ್ಲಿ ಮೊದಲು ಕಲಿಸಬೇಕಾಗಿರೋದು ಟ್ಯಾಪ್, ಅಂದ್ರೆ ಸಾಕು ಬಿಡು ಅಂತ ಕೈಯಿಂದ ತಟ್ಟೋದು. ಹೊಸಬರು ಟ್ಯಾಪ್ ಅಂದ್ರೆ ಸೋಲು ಅಂದ್ಕೊಂಡು ಹಲ್ಲು ಕಚ್ಚಿ ತಡ್ಕೊತಾರೆ. ಆರ್ಮ್ ಬಾರ್ (ಮೊಣಕೈಯನ್ನ ನೆಟ್ಟಗೆ ಚಾಚಿ ಒತ್ತೋ ಪಟ್ಟು) ಆದ್ರೆ ನೋವು ಮೊದಲು ಬರುತ್ತೆ, ಆಮೇಲೆ ಕೀಲು ಹೋಗುತ್ತೆ, ಎಚ್ಚರ ಆಗೋಕೆ ಒಂಚೂರು ಸಮಯ ಇದೆ. ಹೀಲ್ ಹುಕ್ಕಲ್ಲಿ ಹಿಮ್ಮಡಿ ತಿರುಚಿದ್ರೆ ಆ ತಿರುಚು ಮೊಣಕಾಲಿಗೆ ಹೋಗುತ್ತೆ, ನೋವು ಸರಿಯಾಗಿ ಗೊತ್ತಾಗೋಕೆ ಮುಂಚೆನೇ ಒಳಗಿನ ಲಿಗಮೆಂಟ್ ಹರಿದಿರಬಹುದು. ಅದಕ್ಕೇ ಬ್ರೆಜಿಲಿಯನ್ ಜಿಯು ಜಿಟ್ಸು ಪಂದ್ಯ ನಡೆಸೋ ಐಬಿಜೆಜೆಎಫ್ ಸಂಸ್ಥೆ 2021ರಲ್ಲಿ ಅದಕ್ಕೆ ಅವಕಾಶ ಕೊಟ್ಟಾಗಲೂ ಗೀ (ದಪ್ಪ ಬಟ್ಟೆಯ ಸಮವಸ್ತ್ರ) ಇಲ್ಲದ ಪಂದ್ಯಗಳಲ್ಲಿ, ದೊಡ್ಡವರಲ್ಲಿ, ಬ್ರೌನ್ ಮತ್ತು ಬ್ಲ್ಯಾಕ್ ಬೆಲ್ಟ್‌ನವರಿಗೆ ಮಾತ್ರ ಕೊಟ್ಟಿದ್ದು. ಹೊಸಬರ ಬ್ಯಾಚಲ್ಲಿ ಇದನ್ನ ತೋರಿಸಲೇಬೇಡಿ. ಕುತ್ತಿಗೆ ಪಟ್ಟು ಸರಿಯಾಗಿ ಎರಡೂ ಕಡೆ ಕೂತ್ರೆ ಸುಮಾರು ಹತ್ತು ಸೆಕೆಂಡಲ್ಲಿ ಪ್ರಜ್ಞೆ ತಪ್ಪುತ್ತೆ, ನೋವೇ ಇರಲ್ಲ ಎಷ್ಟೋ ಸಲ. ಕೈ ಸಿಕ್ಕಿಹಾಕ್ಕೊಂಡಿದ್ರೆ ಕಾಲಿಂದ ತಟ್ಟಿ, ಇಲ್ಲಾ ಬಾಯಲ್ಲಿ ಟ್ಯಾಪ್ ಅಂತ ಕೂಗಿ. ಪಟ್ಟು ಹಾಕಿದವನಿಗೂ ಇದು ಪಾಠ, ತಟ್ಟಿದ ಕ್ಷಣ ಬಿಡಬೇಕು, ಇನ್ನೊಂದು ಸಲ ಒತ್ತಿ ನೋಡೋದಲ್ಲ.

ಇಬ್ಬರಮಕ್ಕಳತಾಯಿ:
ನಾನು ಕಲಿಯೋಳಲ್ಲ, ನನ್ನ ಇಬ್ರು ಮಕ್ಕಳು ಕಲೀತಾರೆ. ಓದ್ತಾ ಓದ್ತಾ ಒಂದು ಹೇಳ್ಬೇಕು ಅನ್ನಿಸ್ತು. ನೀವೆಲ್ಲ ಹೊಸಬರ ತಪ್ಪು ಅಂತ ಪಟ್ಟಿ ಮಾಡ್ತಿದೀರಲ್ಲ, ಇದರಲ್ಲಿ ಎಷ್ಟು ಅವರ ತಪ್ಪು? ಮಗು ನೋವಾಗ್ತಿದೆ ಅಂತ ಹೇಳಲ್ಲ, ಯಾಕಂದ್ರೆ ಹೇಳಿದ್ರೆ ಎಲ್ಲರ ಮುಂದೆ ನಗ್ತಾರೆ. ಹಿಂದೆ ಕಳಿಸ್ತಿದ್ದ ಒಂದು ಕ್ಲಾಸಲ್ಲಿ ಕಾಲು ಚಾಚಿ ಕೂರಿಸಿ ಬೆನ್ನ ಮೇಲೆ ಒತ್ತಿ ಬಗ್ಗಿಸ್ತಿದ್ರು, ನನ್ನ ದೊಡ್ಡವಳು ಅಳ್ತಾ ಮನೆಗೆ ಬಂದ್ಲು, ಅವತ್ತೇ ಬಿಡಿಸಿದೆ. ಈಗಿನ ಕ್ಲಾಸಲ್ಲಿ ಮಾಸ್ಟರ್ ಪ್ರತಿ ಸಲ ಕೇಳ್ತಾರೆ ಯಾರಿಗೆ ಎಲ್ಲಿ ನೋವಿದೆ ಅಂತ, ಮಕ್ಕಳು ಕೈ ಎತ್ತಿ ಹೇಳ್ತಾರೆ. ಅಷ್ಟೇ ವ್ಯತ್ಯಾಸ.

ಫಿಸಿಯೋಅಕ್ಕ:
ಸರಿಯಾಗಿ ಮಾಡಿದ್ರಿ ಅಮ್ಮ. ಮಕ್ಕಳ ಮೂಳೆ ತುದೀಲಿ ಬೆಳವಣಿಗೆಯ ಮೃದು ಭಾಗ ಇರುತ್ತೆ, ಅಲ್ಲಿ ಪೆಟ್ಟಾದ್ರೆ ಮೂಳೆ ಬೆಳೆಯೋದರ ಮೇಲೇ ಪರಿಣಾಮ ಆಗಬಹುದು. ಒತ್ತಿ ಬಗ್ಗಿಸೋದು ಯಾವ ವಯಸ್ಸಿಗೂ ಬೇಡ. ದೊಡ್ಡವರಿಗೂ ಹೇಳ್ತೀನಿ, ತಣ್ಣಗಿರೋ ಮೈಯನ್ನ ನಿಮಿಷಗಟ್ಟಲೆ ಎಳೆದು ಹಿಡಿದ್ರೆ ಆಮೇಲೆ ಸ್ವಲ್ಪ ಹೊತ್ತು ಸ್ನಾಯುವಿನ ಬಲ ಕಮ್ಮಿನೇ ಆಗುತ್ತೆ. ಶುರೂಲಿ ಕಾಲು ಬೀಸೋದು, ಸೊಂಟ ತಿರುಗಿಸೋದು, ಮೆತ್ತಗೆ ಜಿಗಿಯೋದು. ಎಳೆದು ಹಿಡಿಯೋದು ಕ್ಲಾಸ್ ಮುಗಿದ ಮೇಲೆ.

ಒದೆಪ್ರಿಯ:
ಮಕ್ಕಳಿಗೆ ಬೆಲ್ಟ್ ಹುಚ್ಚು ಹಿಡಿಸೋದೂ ತಪ್ಪೇ. ಮೂರು ತಿಂಗಳಿಗೊಂದು ಬಣ್ಣ. ಹಿಂದಿನ ಕಾಲದಲ್ಲಿ ಬಿಳಿ ಬೆಲ್ಟ್ ಒಗೆಯದೆ ಕಟ್ಟಿ ಕಟ್ಟಿ ಕೊಳೆ ಆಗಿ ಕಪ್ಪಾಗ್ತಿತ್ತಂತೆ, ಅದು ನಿಜವಾದ ಬ್ಲ್ಯಾಕ್ ಬೆಲ್ಟ್.

ಹಳೇ_ಜೂಡೋಕ:
ಅದು ಬರೇ ಕಟ್ಟುಕಥಿ ತಮ್ಮಾ. ದಾನ್, ಅಂದ್ರ ಕಪ್ಪು ಬೆಲ್ಟಿನ ಮಟ್ಟ, ಆ ಪದ್ಧತಿ ಶುರು ಮಾಡಿದವರು ಕನೊ ಅವರ, 1883ರಾಗ ಇಬ್ಬರು ಶಿಷ್ಯರಿಗೆ ಮೊದಲ ದಾನ್ ಕೊಟ್ರು. ಕಪ್ಪು ಬೆಲ್ಟ್ ಅವರು ಬೇಕಂತ ತಂದ ಗುರುತು, ಹೊಲಸಿನಿಂದ ಆದದ್ದಲ್ಲ. ಬಣ್ಣ ಬಣ್ಣದ ಬೆಲ್ಟು ಯೂರೋಪಿನಾಗ ಹಬ್ಬಿಸಿದವರು ಮಿಕಿನೊಸುಕೆ ಕವೈಶಿ, 1930ರ ದಶಕದಾಗ ಪ್ಯಾರಿಸ್‌ನಾಗ ಜೂಡೋ ಕಲಿಸ್ತಿದ್ರು. ಫುನಾಕೊಶಿ ಗಿಚಿನ್ ಕರಾಟೆದಾಗ ಮೊದಲ ದಾನ್ ಕೊಟ್ಟದ್ದು 1924ರಾಗ, ಅದೂ ಜೂಡೋ ನೋಡಿ ತಗೊಂಡದ್ದು.

ಮತ್ತ ಬೆಲ್ಟ್ ಒಗೀರಿ, ದಯವಿಟ್ಟು.

ಮ್ಯಾಟ್‌ಮೇಲೆ:
ಅಜ್ಜಾರ ಕೊನೇ ಸಾಲಿಗೆ ನನ್ನದೊಂದು ಸೇರಿಸಿ. ಗೀ ಪ್ರತಿ ಕ್ಲಾಸಿಗೂ ಒಗೆದಿದ್ದೇ ಹಾಕಿ, ಉಗುರು ಕತ್ತರಿಸಿ, ಟಾಯ್ಲೆಟ್‌ಗೆ ಬರಿಗಾಲಲ್ಲಿ ಹೋಗಿ ಅದೇ ಕಾಲಲ್ಲಿ ಮ್ಯಾಟ್ ಹತ್ತಬೇಡಿ. ಹುಳುಕಡ್ಡಿ ಒಬ್ಬರಿಗೆ ಬಂದ್ರೆ ಇಡೀ ಬ್ಯಾಚಿಗೆ ಬರುತ್ತೆ. ಮೈ ಮೇಲೆ ದುಂಡಗೆ ಕೆಂಪು ಕಂಡ್ರೆ ಮ್ಯಾಟ್‌ಗೆ ಬರದೆ ಮೊದಲು ಡಾಕ್ಟರಿಗೆ ತೋರಿಸಿ.

ಎಡಗೈ_ಬಾಕ್ಸರ್:
ಬೆಲ್ಟಿಂದ ವಾಪಸ್ ಬರೋಣ, ಯಾಕಂದ್ರೆ ಎಲ್ಲಕ್ಕಿಂತ ದೊಡ್ಡದು ಇನ್ನೂ ಯಾರೂ ಹೇಳಿಲ್ಲ. ತಲೆ.

ಹೊಸಬರಿಗೆ ಮೆತ್ತಗೆ ಅಂದ್ರೆ ಎಷ್ಟು ಅಂತ ಗೊತ್ತಿರಲ್ಲ. ಒಬ್ಬನಿಗೆ ಸ್ವಲ್ಪ ಜೋರಾಗಿ ತಾಗುತ್ತೆ, ಅವನು ತಿರುಗಿ ಇನ್ನೊಂಚೂರು ಜೋರಾಗಿ ಕೊಡ್ತಾನೆ, ಇವನು ಅದಕ್ಕಿಂತ ಜೋರು, ಅರ್ಧ ನಿಮಿಷದಲ್ಲಿ ಬೀದಿ ಜಗಳ. ಹೊಸಬನನ್ನ ಹೊಸಬನ ಜೊತೆ ಸ್ಪಾರಿಂಗ್‌ಗೆ ಬಿಡೋದು ಎಲ್ಲಕ್ಕಿಂತ ಅಪಾಯದ ಜೋಡಿ, ಅದು ಹೊಸಬರ ತಪ್ಪಲ್ಲ, ಮೇಲೆ ಆ ತಾಯಿ ಹೇಳಿದ ಹಾಗೆ ಬಿಟ್ಟವರ ತಪ್ಪು. ಹೊಸಬನ ಜೊತೆ ಪಳಗಿದವನು ಇರ್ಬೇಕು, ಅವನು ಮಾತ್ರ ವೇಗ ಹಿಡಿದು ಇಟ್ಕೊಳ್ಳೋಕೆ ಆಗೋದು. 16 ಔನ್ಸ್ ಗ್ಲೌಸ್, ಮೌತ್‌ಗಾರ್ಡ್, ಇವೆರಡೂ ಇಲ್ಲದೆ ಬಿಡಲೇಬೇಡಿ. ಹೆಡ್‌ಗಾರ್ಡ್ ಹಾಕಿದೀನಿ ಇನ್ನೇನೂ ಆಗಲ್ಲ ಅನ್ನೋ ಧೈರ್ಯ ಬೇಡ, ಅದು ಚರ್ಮ ಹರಿಯೋದು ಗೀಚೋದು ತಡೆಯುತ್ತೆ, ಒಳಗೆ ಮೆದುಳು ಅಲುಗೋದನ್ನ ತಡೆಯುತ್ತೆ ಅಂತ ನಂಬಿ ಕೂರೋ ಹಾಗಿಲ್ಲ. ಅಮೆಚೂರ್ ಬಾಕ್ಸಿಂಗಲ್ಲಿ ದೊಡ್ಡ ಮಟ್ಟದ ಪುರುಷರ ಪಂದ್ಯಗಳಿಂದ 2013ರಲ್ಲಿ ಹೆಡ್‌ಗಾರ್ಡ್ ತೆಗೆದೇ ಬಿಟ್ರು, 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಪುರುಷರು ಅದಿಲ್ಲದೆ ಆಡಿದ್ರು.

ನಮ್ಮ ಜೊತೆ ಕಲೀತಿದ್ದ ಹುಡುಗ ಒಬ್ಬ ಹೀಗೇ ಏಟು ತಿಂದು ತಲೆನೋವು ಇದ್ರೂ ಯಾರಿಗೂ ಹೇಳದೆ ಮುಂದಿನ ಕ್ಲಾಸಿಗೆ ಬಂದು ಮತ್ತೆ ಸ್ಪಾರಿಂಗ್ ಮಾಡ್ದ, ಮಧ್ಯದಲ್ಲಿ ಕೂತ್ಬಿಟ್ಟ, ವಾಂತಿ ಬಂತು. ಅದೃಷ್ಟಕ್ಕೆ ಹುಷಾರಾದ, ಆದ್ರೆ ತಿಂಗಳುಗಟ್ಟಲೆ ಬೆಳಕು ನೋಡಿದ್ರೆ ತಲೆನೋವು ಅಂತಿದ್ದ. ಅವನು ಸುಮ್ನಿದ್ದಿದ್ದು ಯಾಕೆ ಅಂದ್ರೆ ಹೇಳಿದ್ರೆ ಹೆದರುಪುಕ್ಕಲ ಅಂತಾರೆ ಅಂತ.

ಫಿಸಿಯೋಅಕ್ಕ:
ಇದನ್ನ ದೊಡ್ಡ ಅಕ್ಷರದಲ್ಲಿ ಬರೆದು ಕ್ಲಾಸಲ್ಲಿ ಅಂಟಿಸಿ. ತಲೆಗೆ ಏಟು ಬಿದ್ದು ತಲೆನೋವು, ತಲೆಸುತ್ತು, ವಾಕರಿಕೆ, ಮಂಕು, ಇದರಲ್ಲಿ ಒಂದೇ ಇದ್ರೂ ಅವತ್ತು ಮುಗೀತು, ಪ್ಯಾಡೂ ಇಲ್ಲ ಬ್ಯಾಗೂ ಇಲ್ಲ. ಪ್ರಜ್ಞೆ ತಪ್ಪಿರಲೇಬೇಕು ಅಂತಿಲ್ಲ. ಪದೇ ಪದೇ ವಾಂತಿ, ಹೆಚ್ಚುತ್ತಾ ಹೋಗೋ ತಲೆನೋವು, ಫಿಟ್ಸ್, ಮಾತು ತೊದಲೋದು, ಕೈಕಾಲು ಬಲ ಇಲ್ಲದಂಗಾಗೋದು ಕಂಡ್ರೆ ತಕ್ಷಣ ಆಸ್ಪತ್ರೆ. 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಈ ವಿಷಯದ ತಜ್ಞರು ಸೇರಿ ಒಪ್ಪಿದ ಪ್ರಕಾರ ಮೊದಲ 24ರಿಂದ 48 ಗಂಟೆ ಹಗುರ ವಿಶ್ರಾಂತಿ, ನಡೆದಾಡಬಹುದು, ಕತ್ತಲೆ ಕೋಣೇಲಿ ಮಲಗಿಸಿಡೋ ಹಳೇ ಪದ್ಧತಿ ಬೇಡ. ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ, ಪ್ರತಿ ಮೆಟ್ಟಿಲಿಗೂ ಕಮ್ಮಿ ಅಂದ್ರೆ ಒಂದು ದಿನ. ತಲೆಗೆ ಏಟು ಬೀಳೋ ಅಭ್ಯಾಸಕ್ಕೆ ವಾಪಸ್ ಬಿಡೋದು ಡಾಕ್ಟರ್ ಒಪ್ಪಿದ ಮೇಲೆ ಮಾತ್ರ. ಮೊದಲ ಪೆಟ್ಟು ವಾಸಿ ಆಗೋ ಮುಂಚೆ ಎರಡನೇದು ಬೀಳೋದು ತುಂಬಾ ಅಪಾಯ, ಅಪರೂಪಕ್ಕೆ ಜೀವವೇ ಹೋಗುತ್ತೆ.

ಕತಾಪ್ರೇಮಿ:
ಇದನ್ನ ಓದಿದ ಮೇಲೆ ಮ್ಯಾಟ್‌ಮೇಲೆ ಅವರ ಜೊತೆ ನನ್ನ ವಾದ ಸಣ್ಣದಾಗಿ ಕಾಣ್ತಿದೆ. ನಮ್ಮ ಕಡೆ ಮಕ್ಕಳ ತಲೆಗೆ ತಾಗಿಸೋ ಹಾಗೇ ಇಲ್ಲ ಅಂತ ನಿಯಮ ಇದೆ, ದೊಡ್ಡ ಹೊಸಬರಿಗೂ ಮೊದಲ ಕೆಲವು ತಿಂಗಳು ಅದೇ ಇಡಬಹುದು. ಎದೆ ಹೊಟ್ಟೆಗೆ ಮಾತ್ರ ತಾಗಿಸಿ ಅಂದ್ರೂ ದೂರ ಕಲೀಬಹುದು, ಸಮಯ ಕಲೀಬಹುದು.

ಒದೆಪ್ರಿಯ:
ಆದ್ರೆ ತಲೆಗೆ ಬರಲ್ಲ ಅಂತ ಗೊತ್ತಾದ್ರೆ ಕೈ ಕೆಳಗೇ ಇಟ್ಕೊಂಡು ಆಡ್ತಾರೆ ಸರ್, ಆ ಚಟ ಆಮೇಲೆ ಬಿಡಿಸೋದು ಕಷ್ಟ. ನಾನು ಶುರೂಲಿ ಹೇಳಿದ್ದು ಅದಕ್ಕೇ.

ನಿಧಾನಿ:
ಅದು ನಿಜ. ಅದಕ್ಕೆ ತಲೆ ಹತ್ರ ತೋರಿಸೋದು ಇರ್ಲಿ, ತಾಗಿಸೋದು ಬೇಡ. ಪ್ಯಾಡ್ ಹಿಡಿದವರು ನಡುನಡುವೆ ಕೈ ಕೆಳಗಿದ್ರೆ ಪ್ಯಾಡಿಂದ ಮೆತ್ತಗೆ ಕಪಾಳಕ್ಕೆ ಮುಟ್ಟಿಸಲಿ. ಕೈ ತಾನಾಗೇ ಮೇಲೆ ಹೋಗುತ್ತೆ.

ಸಂಜೆಬ್ಯಾಚ್:
ಎಲ್ಲಾ ಓದಿ ಮಾಸ್ಟರ್ ಜೊತೆ ಕೂತು ಮಾತಾಡಿದೆ. ಮೊದಲ ತಿಂಗಳು ನಾವು ತಿದ್ದೋದು ಮುಷ್ಟಿ, ಊರಿದ ಕಾಲು, ಬೀಳೋದು, ಟ್ಯಾಪ್, ಇವಿಷ್ಟೇ. ಉಸಿರು ಎಲ್ಲಾ ಡ್ರಿಲ್‌ನಲ್ಲೂ ಇರುತ್ತೆ. ಗಲ್ಲ, ಕೈ, ಕಣ್ಣು ಎರಡನೇ ತಿಂಗಳಿಂದ, ನಿಧಾನಿ ಅವರು ಹೇಳಿದ ಸಣ್ಣ ಆಟಗಳ ಜೊತೆ. ಹೊಸಬ ಹೊಸಬ ಜೋಡಿ ಸ್ಪಾರಿಂಗ್ ಇಲ್ಲವೇ ಇಲ್ಲ, ಇದಕ್ಕೆ ಮಾಸ್ಟರ್ ತಕ್ಷಣ ಒಪ್ಪಿದ್ರು. ಕ್ಲಾಸ್ ಶುರುವಾಗುವಾಗ ಯಾರಿಗೆ ಎಲ್ಲಿ ನೋವು ಅಂತ ಕೇಳೋದನ್ನೂ ಸೇರಿಸಿದೀವಿ, ಥ್ಯಾಂಕ್ಸ್ ಅಮ್ಮ.

ಕಾಲು ಅಡ್ಡ ದಾಟಿಸೋದನ್ನ ಎಲ್ಲಿ ಇಡೋದು ಅಂತ ಮಾತ್ರ ಬಗೆಹರೀಲಿಲ್ಲ.

ಎಡಗೈ_ಬಾಕ್ಸರ್:
ಅದನ್ನ ಮೊದಲ ತಿಂಗಳಿಗೇ ಹಾಕಿ. ಕೈ ತಪ್ಪು ತಿದ್ದೋದು ಸುಲಭ, ಕಾಲಿನ ಅಭ್ಯಾಸ ಒಂದು ಸಲ ಕೂತ್ರೆ ಏಳಲ್ಲ. ಹೋಗೋ ದಿಕ್ಕಿನ ಕಾಲು ಮೊದಲು, ಇನ್ನೊಂದು ಹಿಂಬಾಲಿಸಬೇಕು, ಮುಂದಕ್ಕೆ ಮುಂದಿನ ಕಾಲು, ಹಿಂದಕ್ಕೆ ಹಿಂದಿನ ಕಾಲು. ವಾರ್ಮ್ ಅಪ್‌ನಲ್ಲಿ ಕೈ ಬಳಸದೆ ಬರೀ ಕಾಲು ಓಡಾಡಿಸಿ, ಒಬ್ಬ ಮುಂದೆ ಬಂದ್ರೆ ಇನ್ನೊಬ್ಬ ಅಷ್ಟೇ ಹಿಂದೆ.

ಸಂಜೆಬ್ಯಾಚ್:
ಮಾಡ್ತೀನಿ. ಕೊನೇದಾಗಿ ಇನ್ನೊಂದು, ಬ್ಯಾಚಲ್ಲಿ ಇಬ್ರು ಎಡಚರು ಇದಾರೆ. ಅವರನ್ನ ಎಲ್ಲರ ಹಾಗೆ ಎಡಗಾಲು ಮುಂದಿಟ್ಟು ನಿಲ್ಲಿಸಲಾ, ಬಲಗಾಲು ಮುಂದಿಟ್ಟಾ?

ಕತಾಪ್ರೇಮಿ:
ಕರಾಟೇಲಿ ಎರಡೂ ಕಡೆ ಮಾಡಿಸ್ತೀವಿ, ಹಾಗಾಗಿ ನಮಗೆ ಈ ಪ್ರಶ್ನೆ ಬರಲ್ಲ.

ಎಡಗೈ_ಬಾಕ್ಸರ್:
ಎಡಚರಿಗೆ ಬಲಗಾಲು ಮುಂದೆ, ಎಡಗೈ ಹಿಂದೆ, ಅಂದ್ರೆ ಸೌತ್‌ಪಾ, ಅದೇ ಸಹಜ. ಆದ್ರೆ ಎಡಚರಾಗಿದ್ದೂ ಎಡಗಾಲು ಮುಂದಿಟ್ಟು ಗೆದ್ದವರಿದಾರೆ, ಆಸ್ಕರ್ ಡಿ ಲಾ ಹೋಯಾ, ಮಿಗೆಲ್ ಕೋಟೋ, ಇಬ್ಬರ ಮುಂದಿನ ಎಡಗೈ ಹುಕ್ ಎಷ್ಟು ಭಾರ ಅಂತ ಬಾಕ್ಸಿಂಗ್ ನೋಡೋರಿಗೆಲ್ಲ ಗೊತ್ತು. ಅದಕ್ಕೆ ಬಲವಂತ ಬೇಡ, ಎರಡೂ ಕಡೆ ಒಂದೊಂದು ಕ್ಲಾಸ್ ನಿಲ್ಲಿಸಿ ನೋಡಿ, ಎಲ್ಲಿ ಸಡಿಲವಾಗಿ ನಿಂತ್ಕೊತಾರೋ ಅಲ್ಲೇ ಬಿಡಿ. ಸೌತ್‌ಪಾ ಆದ್ರೆ ಬಲಗೈಯವರ ಎದುರು ನಿಂತಾಗ ಮುಂದಿನ ಪಾದ ಅವರ ಮುಂದಿನ ಪಾದದ ಹೊರಗಡೆ ಇಡೋದು ಹೇಳ್ಕೊಡಿ, ಎಡಗೈ ನೇರ ಗುದ್ದಿಗೆ ದಾರಿ ತೆರೆಯುತ್ತೆ. ಜೋಡಿ ಡ್ರಿಲ್‌ನಲ್ಲಿ ಇಬ್ಬರ ಮುಂದಿನ ಪಾದ ಒಂದರ ಮೇಲೊಂದು ತುಳಿದುಕೊಳ್ಳೋದು ಜಾಸ್ತಿ, ಶುರೂಲೇ ಹೇಳಿಬಿಡಿ, ಇಲ್ಲಾಂದ್ರೆ ಕಾಲು ಉಳುಕುತ್ತೆ.

ಸಂಜೆಬ್ಯಾಚ್:
ಸರಿ ಅಣ್ಣ, ನಾಳೆ ಕ್ಲಾಸಲ್ಲಿ ಎರಡೂ ಕಡೆ ನಿಲ್ಲಿಸಿ ನೋಡ್ತೀನಿ.